ಮೂರು ಸೂತ ಹೆಚ್ಚು

ಗೋಡೆಯಲ್ಲಿ ಗೂಡಿನಂತಿದ್ದ ಮಾಡದೊಳಗೆ ಟೇಬಲ್ಲು ಹೋಗಲಿಲ್ಲ. ಅಲಕಾ ಎಡದಿಂದ ತಳ್ಳಿದಳು, ಬಲದಿಂದ ತಳ್ಳಿದಳು, ಕೊನೆಗೆ ಮೊಣಕಾಲು ಕೊಟ್ಟು ತಳ್ಳಿದಳು. ಅಳೆದರೆ ಮೂರು ಸೂತ ಹೆಚ್ಚಾಗಿತ್ತು. ಇಂಚಿಗೆ ಎಂಟು ಸೂತ ಎಂಬುದು ಬಡಿಗರ ಲೆಕ್ಕ. ಮೂರು ಸೂತವೆಂದರೆ ಕಿರುಬೆರಳಿನ ಅಗಲವೂ ಅಲ್ಲ, ಆದರೆ ಗೋಡೆಗೆ ದಯೆ ದಾಕ್ಷಿಣ್ಯ ಇರುವುದಿಲ್ಲ.

ಅದು ಎಪ್ಪತ್ತಾರನೇ ಇಸವಿ. ಖಾನಾಪುರದಲ್ಲಿ ಪಾಂಡುರಂಗರಾಯರ ಮನೆಯೆಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ. ರಾಯರು ಕಟ್ಟಿಗೆ ಡಿಪೋದಲ್ಲಿ ಗುಮಾಸ್ತರು. ಅವರ ಒಬ್ಬಳೇ ಮಗಳು ಅಲಕಾ ಬೆಳಗಾವಿಯ ಆರ್ಕಿಟೆಕ್ಟ್ ಒಬ್ಬರಿಗೆ ಕಟ್ಟಡಗಳ ಮಾದರಿ ಮಾಡಿಕೊಡುತ್ತಿದ್ದಳು. ರಟ್ಟಿನ ಗೋಡೆ, ಥರ್ಮೊಕೋಲಿನ ಮೆಟ್ಟಿಲು, ಸ್ಪಂಜಿನ ಗಿಡ. ನೂರು ಫೂಟಿನ ಕಟ್ಟಡ ಅವಳ ಕೈಯಲ್ಲಿ ಒಂದು ಫೂಟಾಗುತ್ತಿತ್ತು. ಆದರೆ ಊಟ, ನಿದ್ದೆ ಎಲ್ಲ ಆ ಪಡಸಾಲೆಯಲ್ಲೇ. ತಾಟು ಹಾಕುವ ಹೊತ್ತಾದರೆ ಅರ್ಧ ಕಟ್ಟಿದ ಆಸ್ಪತ್ರೆಯನ್ನು ಎತ್ತಿ ಟ್ರಂಕಿನ ಮೇಲಿಡಬೇಕು. ಇಡುವಾಗ ಒಂದಾದರೂ ಕಂಬ ಬೀಳಬೇಕು.

ಬೆಳಗಾವಿಯ ಅಂಗಡಿಗಳಲ್ಲಿ ಮಡಚುವ ಟೇಬಲ್ಲುಗಳನ್ನೆಲ್ಲ ನೋಡಿ ಬಂದಿದ್ದಳು. ಕಬ್ಬಿಣದ್ದು ಭಾರ, ಬೆತ್ತದ್ದು ಅಲುಗಾಡುತ್ತದೆ, ಇಸ್ತ್ರಿ ಟೇಬಲ್ಲಿಗೆ ಅಗಲವಿಲ್ಲ. ಅವಳಿಗೆ ಬೇಕಾದದ್ದು ನೆಲದ ಮೇಲೆ ಕುಳಿತು ಕೆಲಸ ಮಾಡುವಷ್ಟು ಗಿಡ್ಡ ಟೇಬಲ್ಲು. ಕಾಲು ಮಡಚಿದರೆ ಮೇಲಿನ ಮಾದರಿಯ ಸಮೇತ ಹಾಸಿಗೆ ಇಡುವ ಮಾಡದೊಳಗೆ ಸರಿಯಬೇಕು. ಅಂಚಿಗೆ ಪಟ್ಟಿ ಇರಬೇಕು, ಬ್ಲೇಡು ಗುಂಡುಸೂಜಿ ಉರುಳಬಾರದು. ಎತ್ತಿಕೊಂಡು ಬಸ್ಸು ಹತ್ತಲು ಬರಬೇಕು. ಮಾಡದ ಅಗಲ ಮೂರು ಫೂಟು, ಮೇಲೊಂದು ಕೂದಲೆಳೆ. ಟೇಬಲ್ಲು ಸರಿಯಾಗಿ ಮೂರು ಫೂಟು ಇರಲಿ ಎಂದು ಹೇಳಿ ಮಾಡಿಸಿದ್ದಳು.

ಮಾಡಿದವನು ಬೆಳಗಾವಿ ಹತ್ತಿರದ ಮಚ್ಛೆ ಊರಿನ ಪ್ಯಾಟರ್ನ್ ಶಾಪಿನ ಗುರುಪುತ್ರಪ್ಪ. ಫೌಂಡ್ರಿಯಲ್ಲಿ ಎರಕ ಹೊಯ್ಯುವ ಮೊದಲು ಕಟ್ಟಿಗೆಯ ಅಚ್ಚು ಬೇಕಲ್ಲ, ಅದನ್ನು ಕೆತ್ತುವವನು. ಹಸಿರು ಬಣ್ಣ ಹಾಕಿ ಮಾದರಿಯ ಹುಲ್ಲುಹಾಸು ಮಾಡಲು ನುಣ್ಣನೆಯ ಕಟ್ಟಿಗೆ ಹೊಟ್ಟು ಬೇಕೆಂದು ಅಲಕಾ ಅಲ್ಲಿಗೆ ಹೋಗಿದ್ದಳು. ಮೊದಲ ಸಲ ಅವನು ಹೊಟ್ಟನ್ನು ಜರಡಿ ಹಿಡಿದು ಕೊಟ್ಟ. ಎರಡನೇ ಸಲ ಪೊಟ್ಟಣ ಕಟ್ಟಿ ಸಿದ್ಧವಾಗಿಟ್ಟಿದ್ದ. ನಾಲ್ಕನೇ ಸಲಕ್ಕೆ ಇಡೀ ಖಾನಾಪುರಕ್ಕೆ ಹುಲ್ಲು ಹಾಸುವಷ್ಟು ಹೊಟ್ಟು ಅವಳ ಬಳಿ ಇತ್ತು. ಆದರೂ ಹೋದಳು.

ಈಗ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು, ಟೇಬಲ್ಲು ಹೊತ್ತು, ಮಚ್ಛೆಯಲ್ಲಿ ಬಸ್ಸಿಳಿದಳು.

"ಇದು ಮೂರು ಫೂಟ್ ಇಲ್ರಿ," ಎಂದಳು.

"ಐತ್ರಿ ಬಾಯಾರ. ನಾ ಅಳದೀನಿ," ಎಂದ ಗುರುಪುತ್ರಪ್ಪ.

"ನಾನೂ ಅಳದೀನಿ."

"ಮಾಡಾನ ಸಣ್ಣದಿದ್ದೀತು."

"ನಮ್ಮ ಅಜ್ಜನ ಕಾಲದಿಂದ ಅದು ಅಷ್ಟ ಅದ. ಇವತ್ತ ಯಾಕ ಸಣ್ಣದಾಗ್ತದ?"

ಅವನು ತನ್ನ ಅಳತೆಪಟ್ಟಿ ಇಟ್ಟು ತೋರಿಸಿದ. ಸರಿಯಾಗಿ ಮೂರು ಫೂಟು. ಅವಳು ಚೀಲದಿಂದ ತನ್ನ ಸ್ಟೀಲ್ ಪಟ್ಟಿ ತೆಗೆದು ಇಟ್ಟಳು. ಮೂರು ಫೂಟು ಮೂರು ಸೂತ. ಇಬ್ಬರೂ ಸುಳ್ಳು ಹೇಳುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಎರಡೂ ಪಟ್ಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ಬಾಗಿ ನೋಡಿದರು. ಅವಳ ಜಡೆ ಜಾರಿ ಅವನ ಮುಂಗೈ ಮೇಲೆ ಬಿತ್ತು. ಅವನು ಕೈ ತೆಗೆಯಲಿಲ್ಲ, ಅವಳು ಜಡೆ ತೆಗೆಯಲಿಲ್ಲ. ಅವನ ಒಂದು ಫೂಟು ಅವಳ ಒಂದು ಫೂಟಿಗಿಂತ ಒಂದು ಸೂತ ಉದ್ದವಿತ್ತು.

ಗುರುಪುತ್ರಪ್ಪನ ಕಿವಿ ಕೆಂಪಗಾಯಿತು. "ತಪ್ಪು ನಂದ ಐತ್ರಿ," ಎಂದ. "ಕಾದ ಕಬ್ಬಿಣ ಆರಿದ ಮ್ಯಾಲೆ ಕುಗ್ಗತೈತಿ, ಫೂಟಿಗೆ ಒಂದು ಸೂತ. ಅದಕ್ಕ ಅಚ್ಚು ಮಾಡೋರ ಪಟ್ಟೀನ ಅಷ್ಟು ಉದ್ದ ಇರತೈತಿ. ಮನೀ ಸಾಮಾನಿಗೆ ಬ್ಯಾರೆ ಪಟ್ಟಿ ಹಿಡೀಬೇಕಿತ್ತು."

"ಸಾಗವಾನಿ ಕಟ್ಟಿಗಿ ಕುಗ್ಗತದೇನ್ರಿ?"

"ಇಲ್ರಿ."

"ಮತ್ತ ಇದನ್ನ ಮಾಡುವಾಗ ಲಕ್ಷ್ಯ ಎಲ್ಲಿತ್ತು?"

ಅವನು ಅವಳ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ನೋಡಿದ, ಆಮೇಲೆ ನೆಲ ನೋಡಿದ. ಅಲಕಾಳಿಗೆ ಉತ್ತರ ಸಿಕ್ಕಿತು. ಖಾನಾಪುರದವರೆಗೆ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಹೋದಳು.

ರಂದಾ ಹೊಡೆದು ಸವೆಸಿದರೆ ಅಂಚಿನ ಪಟ್ಟಿ ಹಾಳಾಗುತ್ತದೆ, ಹದಿನೈದು ದಿನದಲ್ಲಿ ಹೊಸದೇ ಮಾಡಿಕೊಡುತ್ತೇನೆ, ಅಲ್ಲಿಯವರೆಗೆ ಇದನ್ನೇ ಬಳಸಿ ಎಂದಿದ್ದ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಎಂಟನೇ ದಿನಕ್ಕೆ ಪುಣೆಯ ದೊಡ್ಡ ಆಫೀಸೊಂದರಿಂದ ಅವಳಿಗೆ ಕೆಲಸದ ಕಾಗದ ಬಂತು. ತಕ್ಷಣ ಹೊರಡಬೇಕಿತ್ತು.

ಖಾನಾಪುರದ ಸ್ಟೇಷನ್ನಿಗೆ ಗುರುಪುತ್ರಪ್ಪ ಬಂದ. ಹೊಸ ಟೇಬಲ್ಲಿಗೆ ಇನ್ನೂ ಕಾಲು ಕೂಡಿಸಿರಲಿಲ್ಲ. ತಪ್ಪಿದ ಟೇಬಲ್ಲನ್ನೇ ರೈಲು ಡಬ್ಬಿಯೊಳಗೆ ಹೊತ್ತು, ಸೀಟಿನ ಕೆಳಗೆ ಸರಿಸಿ, ಕೆಳಗಿಳಿದು ಕಿಟಕಿಯ ಹತ್ತಿರ ನಿಂತ. ಪಾಂಡುರಂಗರಾಯರು ನೀರು ತರುವ ನೆಪ ಮಾಡಿಕೊಂಡು ದೂರ ಹೋದರು. ಒಂದು ಮಾತು ಹೇಳಿದ್ದರೆ ಅಲಕಾ ಇಳಿದುಬಿಡುತ್ತಿದ್ದಳು. ಟ್ರಂಕಿಗೆ ಬೀಗ ಹಾಕಿದ್ದಳು, ಮನಸ್ಸಿಗೆ ಹಾಕಿರಲಿಲ್ಲ.

"ಮತ್ತೇನರೆ ಹೇಳೋದದ ಏನ್ರಿ?" ಎಂದು ಕೇಳಿದಳು.

ಅವನು ಅವಳನ್ನು ನೋಡಿದ, ಇಂಜಿನ್ನಿನ ಕಡೆ ನೋಡಿದ.

"ಕಾಲು ಮಡಚೂ ಬಿಜಾಗ್ರಿಗೆ ತಿಂಗಳಿಗೊಮ್ಮೆ ಕೊಬ್ರಿ ಎಣ್ಣಿ ಬಿಡ್ರಿ. ಇಲ್ಲಾಂದ್ರ ಜಂಗ ಹಿಡೀತಾವು," ಎಂದ.

ರೈಲು ಹೊರಟಿತು. ಬೆಳಗಾವಿ ಬರುವವರೆಗೆ ಅವಳಿಗೆ ಸಿಟ್ಟಿತ್ತು. ಘಟಪ್ರಭಾ ದಾಟಿದ ಮೇಲೆ ಅತ್ತಳು.

ಪುಣೆಯಲ್ಲಿ ಒಂಬತ್ತು ವರ್ಷ, ಐದು ಬಾಡಿಗೆ ಕೋಣೆ. ಹೋದಲ್ಲೆಲ್ಲ ಟೇಬಲ್ಲು ಜೊತೆಗೆ ಹೋಯಿತು. ಅದರ ಮೇಲೆ ಕಾಲೇಜುಗಳು ಎದ್ದವು, ಸಿನಿಮಾ ಥೇಟರುಗಳು ಎದ್ದವು. ಮೊದಮೊದಲು ಅವನ ಕಾಗದ ಬರಬಹುದೆಂದು ಪೋಸ್ಟಿನವನ ದಾರಿ ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟಳು. ನೋಡಲು ಬಂದ ಗಂಡುಗಳಲ್ಲಿ ಒಬ್ಬರಿಗೂ ಹೂಂ ಅನ್ನಲಿಲ್ಲ. ತಿಂಗಳಿಗೊಮ್ಮೆ ಬಿಜಾಗ್ರಿಗೆ ಎಣ್ಣೆ ಬಿಡುವುದನ್ನು ಮಾತ್ರ ತಪ್ಪಿಸಲಿಲ್ಲ. ಬೈದುಕೊಂಡೇ ಬಿಡುತ್ತಿದ್ದಳು.

ಎಂಬತ್ತೈದರಲ್ಲಿ ಅಪ್ಪ ನಿವೃತ್ತರಾದರು. ಅಲಕಾ ಬೆಳಗಾವಿಯಲ್ಲಿ ಸ್ವಂತ ಕೆಲಸ ಹಿಡಿಯುತ್ತೇನೆಂದು ವಾಪಸು ಬಂದಳು. ಬರುವ ದಾರಿಯಲ್ಲಿ ಟೇಬಲ್ಲಿನ ಒಂದು ಬಿಜಾಗ್ರಿ ಕಿತ್ತುಹೋಗಿತ್ತು. ಮರುದಿನ ಬೆಳಿಗ್ಗೆಯೇ ಅದನ್ನು ಎತ್ತಿಕೊಂಡು ಹೊರಟವಳನ್ನು ಪಾಂಡುರಂಗರಾಯರು ಕನ್ನಡಕದ ಮೇಲಿಂದ ನೋಡಿದರು.

"ಖಾನಾಪುರದಾಗ ಬಡಿಗ್ಯಾರ ಇಲ್ಲೇನವಾ?"

"ಇದನ್ನ ಮಾಡಿದವ್ರ ಕಡೆನ ಒಯ್ಯಬೇಕಪ್ಪಾ."

"ಹೋಗಿ ಬಾ. ಅವ್ರು ಲಿಂಗಾಯತರು ಅನ್ನೋದು ಅವತ್ತು ನಂಗ ದೊಡ್ಡದಾಗಿ ಕಂಡಿತ್ತು. ಅದಕ್ಕ ನಾನೂ ಸುಮ್ಮನಿದ್ದೆ. ಈಗ ವಯಸ್ಸಾತು, ಹಂಗ ಕಾಣ್ಸೂದಿಲ್ಲ." ಹೀಗೆಂದು ರಾಯರು ಮತ್ತೆ ಪೇಪರು ಎತ್ತಿಕೊಂಡರು.

ಮಚ್ಛೆಯಲ್ಲಿ ಗುರುಪುತ್ರಪ್ಪನದು ಈಗ ಸ್ವಂತ ಶಾಪು, ಹಿಂದೆ ಸ್ವಂತ ಮನೆ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವಳನ್ನು ಕಂಡವನು ಕೈಯಲ್ಲಿದ್ದ ಉಳಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಲು ಹೋದ.

"ಬರ್ರಿ ಬಾಯಾರ. ಕುಂದರ್ರಿ," ಎಂದ. ಟೇಬಲ್ಲನ್ನು ತಿರುಗಿಸಿ ನೋಡಿದ. "ಜಂಗ ಹಿಡಿದಿಲ್ಲ."

"ನೀವು ಹೇಳಿದ್ದು ಅದೊಂದ ಮಾತು. ಅದನ್ನರೆ ನಡಸಬೇಕಲ್ಲ?"

ಅವನು ತಲೆ ತಗ್ಗಿಸಿದ. ಒಳಗೆ ಹೋಗಿ ಅಟ್ಟದಿಂದ ಇನ್ನೊಂದು ಟೇಬಲ್ಲು ಇಳಿಸಿ ತಂದು ಧೂಳು ಒರೆಸಿದ. ಅದೇ ಅಂಚು, ಅದೇ ಮಡಚುವ ಕಾಲು. "ಆವಾಗ ಮಾಡಿದ್ದು. ಮನೀ ಪಟ್ಟೀಲೆ ಅಳದದ್ದು, ಸರಿಯಾಗಿ ಮೂರು ಫೂಟ ಐತಿ. ಎರಡರಾಗ ಯಾವುದು ಬೇಕೋ ಆರಿಸಿಕೊಳ್ರಿ."

ಅಷ್ಟರಲ್ಲಿ ಅವನ ತಾಯಿ ಕಾಶವ್ವ ಹೊರಗೆ ಬಂದರು. ಮೊದಲು ಟೇಬಲ್ಲನ್ನು, ಆಮೇಲೆ ಅಲಕಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎರಡೂ ಒಳಗ ತಗೊಂಡು ಬಾರವಾ, ಚಹಾ ಕುಡದು ಆರಿಸುವಂತಿ," ಎಂದರು.

ಪಡಸಾಲೆಯ ಕಿಟಕಿಯ ಕೆಳಗೆ ಗೋಡೆಯಲ್ಲಿ ಒಂದು ಮಾಡವಿತ್ತು. ಸುಣ್ಣ ಬಳಿದು ಸ್ವಚ್ಛವಾಗಿತ್ತು, ಒಳಗೆ ಏನೂ ಇರಲಿಲ್ಲ. ಪಕ್ಕದಲ್ಲೇ ನೆಲದ ಮೇಲೆ ಹಾಸಿಗೆಗಳು ರಾಶಿ ಬಿದ್ದಿದ್ದವು.

"ಮಾಡ ಖಾಲಿ ಅದಲ್ರೀ ಕಾಶವ್ವಾರ," ಎಂದಳು ಅಲಕಾ.

"ಏನ್ ಹೇಳ್ಲಿ ತಂಗಿ, ಮನಿ ಕಟ್ಟಿ ನಾಕ ವರ್ಷ ಆತು, ಒಂದು ದಿಂಬರ ಇಡಾಕ ಇಂವ ಬಿಡವಲ್ಲ. ಗೌಂಡಿ ಕಡಿಂದ ಎರಡು ಸಲ ಒಡಿಸಿ ಕಟ್ಟಿಸ್ಯಾನ, ಅಳತಿ ಸರಿ ಬರಲಿಲ್ಲಂತ. ಲಗ್ನದ ಮಾತು ತಗದ್ರ ಎದ್ದು ಶಾಪಿಗೆ ಹೊಕ್ಕಾನ." ಕಾಶವ್ವ ಗೊಣಗುತ್ತ ಚಹಾಕ್ಕೆ ಎದ್ದುಹೋದರು.

ಗುರುಪುತ್ರಪ್ಪ ಬಾಗಿಲಲ್ಲೇ ನಿಂತಿದ್ದ. ಅಲಕಾ ಮೊದಲು ಹೊಸ ಟೇಬಲ್ಲನ್ನು ಮಾಡದೊಳಗೆ ಸರಿಸಿದಳು. ಅದು ಹೋಯಿತು, ಆದರೆ ಆಚೆ ಈಚೆ ಸಡಿಲ. ಅದನ್ನು ಹೊರಗೆಳೆದಳು. ಹಳೆಯದರ ಕಾಲು ಮಡಚಿ, ಅಂಚು ಹಿಡಿದು ತಳ್ಳಿದಳು. ಖಾನಾಪುರದ ಗೋಡೆ ಒಳಗೆ ಬಿಟ್ಟುಕೊಳ್ಳದ ಟೇಬಲ್ಲು ಇಲ್ಲಿ ಕೊನೆಯವರೆಗೆ ಮೆತ್ತಗೆ ಸರಿದು ಕೂತಿತು. ಎರಡು ಬದಿಗೂ ಉಳಿದದ್ದು ಕೂದಲೆಳೆಯಷ್ಟು ಜಾಗ.

ಅಲಕಾಳ ಕಣ್ಣು ತುಂಬಿತು. ಒಂಬತ್ತು ವರ್ಷದ ಸಿಟ್ಟನ್ನೆಲ್ಲ ಈಗ ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ.

"ಮೂರು ಫೂಟು ಮೂರು ಸೂತ," ಎಂದಳು. "ಒಂದು ಕಾಗದರೆ ಬರೀಬಾರದಿತ್ತಾ?"

"ಬರದಿದ್ದೆ, ಪೋಸ್ಟಿಗೆ ಹಾಕಲಿಲ್ಲ. ಪುಣೇದಾಗ ನಿಮ್ಮದು ದೊಡ್ಡ ಕೆಲಸ, ನಾ ಕಟ್ಟಿಗಿ ಕೆತ್ತಾಂವ, ಜಾತಿ ಬ್ಯಾರೆ ಅಂತ ಹೆದರಿದೆ." ಅವನು ಮಾಡದ ಅಂಚನ್ನು ಬೆರಳಿನಿಂದ ಸವರಿದ. "ಕಾದದ್ದೆಲ್ಲಾ ಆರಿದ ಮ್ಯಾಲೆ ಕುಗ್ಗತೈತಿ ಅಂತ ತಿಳದಿದ್ದೆ. ಒಂಬತ್ತ ವರ್ಷ ನೋಡಿದೆ, ಅಲಕಾ. ಒಂದ ಸೂತರೆ ಕುಗ್ಗಲಿಲ್ಲ."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಕಣ್ಣೊರೆಸಿಕೊಂಡು ಹೊಸ ಟೇಬಲ್ಲನ್ನು ಎತ್ತಿ ಅವನ ಕೈಗೆ ಕೊಟ್ಟಳು. "ಇದನ್ನ ಯಾರಿಗರೆ ಮಾರಿಬಿಡ್ರಿ. ನಾ ಆರಿಸಿದ್ದು ಆಗಲೇ ತನ್ನ ಜಾಗಾದಾಗ ಕೂತದ."

ಕಾಶವ್ವ ಚಹಾ ಹಿಡಿದು ಬಂದು ಮಾಡದ ಕಡೆ ನೋಡಿದರು. "ಅಯ್ಯ ಶಿವನ, ಅದನ್ನ ಅಲ್ಲೇ ಇಟ್ಟಿರಿ? ಇನ್ನ ಈ ಹಾಸಿಗಿ ಎಲ್ಲಿ ಇಡೂದು ನಾ?"

ಅಲಕಾ ಅವರ ಕೈಯಿಂದ ಕಪ್ಪು ಬಸಿ ತೆಗೆದುಕೊಂಡಳು.

"ಹಾಸಿಗಿಗೆ ಬ್ಯಾರೆ ಜಾಗಾ ನಾ ಮಾಡ್ತೀನಿ, ಬಿಡ್ರಿ ಅತ್ತೀ," ಎಂದಳು.