ಕಿಟಕಿಗೆ ಬೆನ್ನು ಹಾಕಿ ನಿಂತವರು

ನನ್ನ ಗಂಡ ಶಾವ್‌ಚಿಯ ಬೂದಿಯನ್ನು ಅಸ್ಥಿ ಇಡುವ ಗೋಪುರದಲ್ಲಿಟ್ಟು ಬಂದ ಮರುದಿನ ಬೆಳಿಗ್ಗೆ, ಮನೆಯ ಕನ್ನಡಿಗಳ ಮೇಲೆ ಸೂತಕಕ್ಕೆಂದು ಹೊದಿಸಿದ್ದ ಬಟ್ಟೆಗಳನ್ನು ಅತ್ತೆ ಒಂದೊಂದಾಗಿ ತೆಗೆದರು. ಬಚ್ಚಲಿನದು, ಬೀರುವಿನದು, ಬಾಗಿಲ ಪಕ್ಕದ್ದು. ಕೆಳಗೆ ಸೋಯಾಹಾಲಿನ ಅಂಗಡಿಯವಳು ಶಟರ್ ಎತ್ತಿದಳು. ಯಾರೋ ಸ್ಕೂಟರ್ ಒದ್ದು ಒದ್ದು ಬೈದುಕೊಂಡರು. ತೈನಾನ್ ನಗರದ ಮಾಮೂಲಿ ಬೆಳಗು.

ನಾನು ಮಂಚದ ಮೇಲೆ ಕುಳಿತು ಎದುರಿನ ಗೋಡೆಯನ್ನು ನೋಡುತ್ತಿದ್ದೆ. ಗೋಡೆಯ ಮೇಲೆ ಏನೂ ಇರಲಿಲ್ಲ.

ಮದುವೆಯಾದಾಗಿನಿಂದ ಆ ಗೋಡೆಯ ಮೇಲೆ ದಿನಾ ಬೆಳಿಗ್ಗೆ ಅಂಗೈಯಗಲದ ಒಂದು ಬಿಸಿಲ ತುಂಡು ಬರುತ್ತಿತ್ತು. ಗೋಡೆಯಿಂದ ದಿಂಬಿಗೆ, ದಿಂಬಿನಿಂದ ನನ್ನ ಗಲ್ಲಕ್ಕೆ, ಆಮೇಲೆ ರೆಪ್ಪೆಗಳ ಮೇಲೆ. ಕಣ್ಣು ಬಿಟ್ಟರೆ ಕಿಟಕಿಯ ಹತ್ತಿರ ಪುಟ್ಟ ಕನ್ನಡಿ ಹಿಡಿದು ಶಾವ್‌ಚಿ ನಿಂತಿರುತ್ತಿದ್ದ.

"ಮುಖ ಕಾಣ್ತಿದೆ. ಈಗ ಹೇಳು."

"ಏನು?"

"ಗೊತ್ತಲ್ಲ."

"ಗಂಜಿ ಸೀಯ್ತಿದೆ," ಎನ್ನುತ್ತಿದ್ದೆ ನಾನು. ಅವನು ನಗುತ್ತಾ ಅಡಿಗೆಮನೆಗೆ ಓಡುತ್ತಿದ್ದ.

"ಇನ್ನೊಂದು ಉಳೀತು ನೋಡು," ಅತ್ತೆ ಕಿಟಕಿಯ ದಂಡೆಯಿಂದ ಆ ಕನ್ನಡಿಯನ್ನು ಎತ್ತಿಕೊಂಡರು. ಅವನು ಅದಕ್ಕೆ ಹಳೆಯ ಕಾಲುಚೀಲದ ಚೀಲ ಮಾಡಿದ್ದ. ಅತ್ತೆ ಚೀಲವನ್ನು ಪೂರ್ತಿ ಕಳಚಿ ಹಿಂಬದಿ ತಿರುಗಿಸಿದರು. "ಯೀಪಿಂಗ್, ಇದ್ಯಾರದು? ಹೆಸರಿದೆಯಲ್ಲ."

ಮೊಲದ ಚಿತ್ರದ ಚೀಟಿ. ಅದರ ಮೇಲೆ ಮಕ್ಕಳ ಕೈಬರಹ: ಆನ್‌ಚಿ.

"ಅವನ ತರಗತಿಯ ಹುಡುಗಿ, ಅಮ್ಮ. ಕಿವಿ ಕೇಳಲ್ಲ."

"ಮಗುವಿನ ಕನ್ನಡಿ ಇವನ ಹತ್ರ ಯಾಕಿತ್ತು?"

ನನಗೆ ಗೊತ್ತಿರಲಿಲ್ಲ. ಇದೆಲ್ಲಿ ಕೊಂಡೆ ಎಂದು ಒಮ್ಮೆ ಕೇಳಿದ್ದಕ್ಕೆ "ಕೊಂಡಿಲ್ಲ, ಎರವಲು" ಎಂದಿದ್ದ. ತಮಾಷೆ ಅಂದುಕೊಂಡಿದ್ದೆ. ಅಂಗಡಿಯಲ್ಲಿ ಒಂದು ಲೋಟ ಚಹಾದ ಬೆಲೆಗೆ ಸಿಗುವ ವಸ್ತುವನ್ನು ಒಬ್ಬ ಮೇಷ್ಟ್ರು ಎಂಟು ವರ್ಷದ ಹುಡುಗಿಯಿಂದ ಎರವಲು ಪಡೆಯುತ್ತಾನೆಯೇ?

"ಕೊಟ್ಟುಬಿಡು," ಅತ್ತೆ ನನ್ನ ಕೈಗೆ ಕನ್ನಡಿ ಇಟ್ಟರು. "ಅವನು ಹಗುರವಾಗಿ ಹೋಗ್ಲಿ."

ನಾನು ಬೆರಳುಗಳನ್ನು ಮುಚ್ಚಿದೆ. ಅವನ ಬಟ್ಟೆಗಳನ್ನು ಸುಟ್ಟಾಗ ಸುಮ್ಮನಿದ್ದೆ. ಶವಪೆಟ್ಟಿಗೆ ಮುಚ್ಚುವಾಗಲೂ ನನಗೆ ಏನೂ ಆಗಿರಲಿಲ್ಲ. ಇದನ್ನು ಮಾತ್ರ ಕೊಡಲಾರೆ ಅನ್ನಿಸಿತು.

*

ಶಾವ್‌ಚಿಯನ್ನು ನಾನು ಮೊದಲು ನೋಡಿದ್ದು ಕಳೆದ ವರ್ಷ, ಅವನ ಶಾಲೆಯ ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ. ಊಟ ಮುಗಿದು ಇಡೀ ಶಾಲೆ ಡೆಸ್ಕುಗಳ ಮೇಲೆ ತಲೆಯಿಟ್ಟು ಮಲಗಿತ್ತು. ವಾಸ್ತುಶಿಲ್ಪದ ಪದವಿ ಮುಗಿಸಿ ಸಣ್ಣ ಕಚೇರಿಯೊಂದಕ್ಕೆ ಸೇರಿದ್ದ ನಾನು, ಶಾಲೆಯ ಕೋಣೆಗಳನ್ನು ಹೊಸದಾಗಿ ವಿನ್ಯಾಸ ಮಾಡಲು ಟೇಪು ಹಿಡಿದು ಬಂದಿದ್ದೆ.

ಮೂರನೇ ತರಗತಿಯ ಬಾಗಿಲು ಸರಿಸಿದೆ. ಹಿಂದಿನ ಸಾಲಿನಲ್ಲಿ ಒಬ್ಬ ತರುಣ ಮಂಡಿಯೂರಿ ಕುಳಿತು, ನಿದ್ದೆ ಬಾರದ ಪುಟ್ಟ ಹುಡುಗಿಯ ಜೊತೆ ಕೈಸನ್ನೆಯಲ್ಲಿ ಹರಟುತ್ತಿದ್ದ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಅದೇ ಕೈಗಳಿಂದ ನನಗೂ ಏನೋ ಹೇಳಿದ.

ಪಾಪ, ಮಾತು ಬಾರದವನು ಎಂದುಕೊಂಡೆ. ನಕಾಶೆಯ ಅಂಚಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ: ನಾನು ಕೋಣೆ ಅಳೆಯಲು ಬಂದಿದ್ದೇನೆ.

ಅವನು ಹುಬ್ಬೇರಿಸಿದ. ನನ್ನ ಪೆನ್ಸಿಲ್ ತೆಗೆದುಕೊಂಡು ಅಷ್ಟೇ ದಪ್ಪವಾಗಿ ಬರೆದ: ಅಳೆಯಿರಿ. ಯಾರನ್ನೂ ತುಳಿಯಬೇಡಿ.

ಅಳೆದೆ. ಅವನು ಟೇಪಿನ ಇನ್ನೊಂದು ತುದಿ ಹಿಡಿದ. ನಾನು ಸಂಖ್ಯೆ ಬರೆದುಕೊಳ್ಳುವಾಗಲೆಲ್ಲ ನನ್ನನ್ನೇ ನೋಡುತ್ತಿದ್ದ. ನಾನು ತಲೆಯೆತ್ತಿದರೆ ಛಾವಣಿಯ ಫ್ಯಾನ್ ನೋಡುತ್ತಿದ್ದ. ಕೊನೆಗೆ ಇನ್ನೊಂದು ಸಾಲು ಬರೆದ: ನಿಮ್ಮ ಮೂಗಿನ ಮೇಲೆ ಸೀಮೆಸುಣ್ಣ.

ಅಷ್ಟರಲ್ಲಿ ಗಂಟೆ ಕಿರುಚಿಕೊಂಡಿತು. ಕಿಟಕಿಯ ಬಳಿಯ ಹಾವ್ ಎಂಬ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಅದಕ್ಕಿಂತ ಜೋರಾಗಿ ಕಿರುಚಿದ. ತರುಣ ಓಡಿಹೋಗಿ ಅವನನ್ನು ತಬ್ಬಿಕೊಂಡ. ಆಮೇಲೆ ಇಡೀ ಮೊಗಸಾಲೆಗೆ ಕೇಳುವಂತೆ, "ಏಳ್ರಪ್ಪಾ, ಏಳಿ! ಜೊಲ್ಲು ಒರೆಸ್ಕೊಳ್ಳಿ, ಅತಿಥಿಗಳು ಬಂದಿದ್ದಾರೆ!" ಎಂದ.

ನನ್ನ ಕಿವಿ ಬಿಸಿಯಾಯಿತು. "ನಿಮಗೆ ಮಾತು ಬರುತ್ತಾ?"

"ಬರುತ್ತೆ. ಬರೆಯೋಕೂ ಬರುತ್ತೆ. ನೀವು ಬರೆದ್ರಿ, ನಾನೂ ಬರೆದೆ."

ಅವನೇ ಸುಂಗ್ ಶಾವ್‌ಚಿ, ಆ ತರಗತಿಯ ಮೇಷ್ಟ್ರು.

ಒಂದು ವಾರದ ಮೇಲೆ ನನ್ನ ನಕಾಶೆಯನ್ನು ಅವನ ಮುಂದೆ ಹರಡಿದೆ. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು. ಅವನು ಒಂದು ಕಡೆ ಬೆರಳಿಟ್ಟ.

"ಈ ಮೂಲೇಲಿ ಪರದೆ ಯಾಕೆ?"

"ವಿಶೇಷ ಅಗತ್ಯದ ಮಕ್ಕಳಿಗೆ. ಆನ್‌ಚಿ, ಹಾವ್, ಅಂಥವರಿಗೆ."

"ಚೆನ್ನಾಗಿದೆ. ಪರದೆ ಹಿಂದೆ ಕೂತ್ಕೊಂಡು ಅವರು ಏನ್ ಮಾಡ್ತಾರೆ?"

ಅವನು ನನಗೊಂದು ಪುಟ್ಟ ಕುರ್ಚಿ ಎಳೆದ. "ನೀವು ಕೋಣೆ ಅಳೆದ್ರಿ. ಕುರ್ಚಿ ಅಳೀಲಿಲ್ಲ. ಇದು ಆನ್‌ಚಿದು, ಕೂತ್ಕೊಳ್ಳಿ."

ಕೂತೆ. ಮಂಡಿ ಗಲ್ಲಕ್ಕೆ ತಾಗಿತು. ಅವನು ಕಪ್ಪು ಹಲಗೆಯ ಪಕ್ಕ, ಕಿಟಕಿಗೆ ಬೆನ್ನು ಹಾಕಿ ನಿಂತ.

"ಅವಳು ತುಟಿ ನೋಡಿ ಪಾಠ ಕೇಳ್ತಾಳೆ. ನನ್ನ ಮುಖ ಕಾಣ್ತಿದೆಯಾ?"

ಹಿಂದಿನಿಂದ ಬಿಸಿಲು. ಅವನಿದ್ದಲ್ಲಿ ಒಂದು ಕಪ್ಪು ಆಕಾರ. "ಇಲ್ಲ."

ಎರಡು ಹೆಜ್ಜೆ ಸರಿದ. "ಈಗ?"

"ಮೂಗು ಕಾಣ್ತಿದೆ."

ಎದುರುಗೋಡೆಯ ಹತ್ತಿರ ಹೋಗಿ ಬೆಳಕಿಗೆ ಮುಖ ಮಾಡಿದ. "ಈಗ?"

ಎಲ್ಲ ಕಂಡಿತು. ಗಡ್ಡದಲ್ಲಿ ಕತ್ತರಿ ತಪ್ಪಿದ ಜಾಗ, ಕೆಳತುಟಿಯ ಒಡಕು, ನಗು ಅದುಮಿಕೊಂಡದ್ದು. ನಾನು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದೆ.

"ಕಾಣ್ತಿದೆ," ಎಂದೆ.

"ಹಾಗಾದ್ರೆ ಹಲಗೆ ಇಲ್ಲಿಗೆ ಬರ್ಲಿ."

ಹಲಗೆ ಅಲ್ಲಿಗೇ ಬಂತು. ನಾನು ಪ್ರತಿ ಮಗುವಿನ ಕುರ್ಚಿಯಲ್ಲೂ ಕುಳಿತು ನಕಾಶೆಯನ್ನು ಮೊದಲಿಂದ ಬರೆದೆ. ಎಲ್ಲರಿಗೂ ಎಲ್ಲರ ಮುಖ ಕಾಣುವಂತೆ ಡೆಸ್ಕುಗಳು ಅರ್ಧಚಂದ್ರಾಕಾರಕ್ಕೆ ತಿರುಗಿದವು. ನಿದ್ದೆಯ ನಂತರದ ಗಂಟೆಯನ್ನು ಆ ಕೋಣೆಯಲ್ಲಿ ನಿಲ್ಲಿಸಿ, ಬೆಳಕಿನಿಂದಲೇ ಎಬ್ಬಿಸುವಂತೆ ಕಿಟಕಿಗಳಿಗೆ ನಿಧಾನವಾಗಿ ತೆರೆಯುವ ಪರದೆ ಹಾಕಿದೆವು. ಹಾವ್ ಕಿರುಚದೆ ಎದ್ದ. ಆನ್‌ಚಿ ಎಲ್ಲರ ಜೊತೆಗೇ ಎದ್ದಳು. ಮೊದಲೆಲ್ಲ ಯಾರಾದರೂ ಭುಜ ಅಲ್ಲಾಡಿಸಿ ಬೆಚ್ಚಿಬೀಳಿಸುತ್ತಾರೆಂದು ಅವಳು ಮಲಗುತ್ತಲೇ ಇರಲಿಲ್ಲವಂತೆ. ಮೂಲೆ ಉಳಿಯಿತು, ಅದರ ಪರದೆ ಹೋಯಿತು. ಮನಸ್ಸಿಗೆ ಬೇಸರವಾದವರು ಯಾರು ಬೇಕಾದರೂ ಹೋಗಿ ಕೂರಬಹುದು ಎಂದಾಯಿತು. ಪೋಷಕರ ಸಭೆ ಮುಗಿದ ದಿನ ಅಲ್ಲಿ ಹೆಚ್ಚಾಗಿ ಶಾವ್‌ಚಿಯೇ ಕುಳಿತಿರುತ್ತಿದ್ದ.

ಅಂಥದ್ದೊಂದು ಸಂಜೆ ಅಲ್ಲಿಂದಲೇ ಕೇಳಿದ.

"ಮುಖ ಕಾಣ್ತಿದೆಯಾ?"

"ಕಾಣ್ತಿದೆ."

"ಮದುವೆ ಆಗ್ತೀರಾ?"

"ಅಳತೆ ನೋಡಿ ಹೇಳ್ತೀನಿ," ಎಂದೆ.

ಅವನು ಎದ್ದು ಬಂದು ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟ. ನಾನು ಬಿಡಲಿಲ್ಲ. ಅದೇ ಒಪ್ಪಿಗೆಯಾಯಿತು. ನಾನು ಯಾವುದನ್ನೂ ನೇರವಾಗಿ ಹೇಳುವವಳಲ್ಲ. ಅವನು ನೇರವಾಗಿ ಕೇಳುವುದನ್ನು ಬಿಡುವವನಲ್ಲ.

ಈ ಮಳೆಗಾಲದಲ್ಲಿ ಸೊಳ್ಳೆ ಕಚ್ಚಿ ಅವನಿಗೆ ಡೆಂಗಿ ಬಂತು. ಜ್ವರ ಏರಿತು, ಇಳಿಯಿತು. ಇಳಿಯಿತೆಂದು ನಾವು ನಕ್ಕ ಮೇಲೆ ಅವನು ಹೋದ.

*

ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಹೊಸ ಕನ್ನಡಿ ಕೊಂಡೆ. ಅದೇ ಅಳತೆ, ಹಿಂದೆ ಮೊಲ. ಹೊಸದನ್ನು ಹುಡುಗಿಗೆ ಕೊಡುವುದು, ಯಾಕೆ ಎರವಲು ಕೊಟ್ಟಿದ್ದೆ ಎಂದು ಕೇಳುವುದು, ಹಳೆಯದನ್ನು ನಾನಿಟ್ಟುಕೊಳ್ಳುವುದು. ಅಷ್ಟೇ ನನ್ನ ಲೆಕ್ಕ.

ಆದರೆ ಶಾಲೆಯ ಗೇಟಿನಲ್ಲಿ ಕಾಲು ನಿಂತಿತು. ತಲೆಯಲ್ಲಿ ಸೂತಕದ ಬಿಳಿ ಉಣ್ಣೆಯ ಹೂವಿತ್ತು. ಅದನ್ನು ಮುಡಿದವರು ಇನ್ನೊಬ್ಬರ ಹೊಸಿಲು ತುಳಿಯುವುದಿಲ್ಲ. ಶಾವ್‌ಚಿಯ ಜಾಗಕ್ಕೆ ಬಂದಿದ್ದ ಹ್ವಾಂಗ್ ಟೀಚರಿಗೆ ಫೋನ್ ಮಾಡಿದೆ.

"ಒಂದು ವಸ್ತು ಕೊಡೋದಿತ್ತು. ಆನ್‌ಚಿಯನ್ನ ಗೇಟಿಗೆ ಕಳಿಸ್ತೀರಾ?"

"ಬಿಸಿಲಲ್ಲಿ ಮಗೂನ ಯಾಕಮ್ಮ ಓಡಿಸೋದು? ನೀನೇ ಬಾ."

"ನಾನು ಹೂವು ಮುಡಿದಿದ್ದೀನಿ, ಟೀಚರ್."

"ನಾನು ಇಬ್ಬರು ಗಂಡಂದಿರನ್ನ ಕಳಿಸಿಕೊಟ್ಟವಳು. ನಿನ್ನ ಹೂವಿಗೆ ಹೆದರ್ತೀನಾ? ಬಾ ಒಳಗೆ."

ಬಾಗಿಲಲ್ಲಿ ನಿಂತು ನೋಡಿದೆ. ಡೆಸ್ಕುಗಳು ನಾವಿಟ್ಟಂತೆಯೇ ಇದ್ದವು. ಆದರೆ ಹ್ವಾಂಗ್ ಟೀಚರ್ ಚಕ್ರದ ಬಿಳಿಹಲಗೆಯೊಂದನ್ನು ತರಿಸಿ ಕಿಟಕಿಯ ಹತ್ತಿರ ನಿಲ್ಲಿಸಿಕೊಂಡಿದ್ದರು. ಬಿಸಿಲಿಗೆ ಬೆನ್ನು ಹಾಕಿ ಹುರುಪಿನಿಂದ ಪಾಠ ಮಾಡುತ್ತಿದ್ದರು. ಆನ್‌ಚಿ ಅವರತ್ತ ನೋಡುತ್ತಿರಲಿಲ್ಲ. ಪಕ್ಕದವಳ ಪುಸ್ತಕ ನೋಡಿ ನಕಲು ಮಾಡುತ್ತಿದ್ದಳು.

ಬಿಡುವಾಗಿ ಮಕ್ಕಳು ಹೊರಗೆ ನುಗ್ಗಿದರು. ಟೀಚರ್ ನನ್ನ ಕೈ ಹಿಡಿದುಕೊಂಡರು. "ಒಳ್ಳೆ ಮಕ್ಕಳು. ಆನ್‌ಚಿ ಮಾತ್ರ ಯಾಕೋ ಮಂಕು. ಮೇಷ್ಟ್ರನ್ನ ನೆನೆಸ್ಕೊಳ್ತಾಳೇನೋ."

"ಟೀಚರ್, ಅವಳ ಕುರ್ಚೀಲಿ ಒಂದು ಗಳಿಗೆ ಕೂರ್ತೀರಾ?"

"ಅಯ್ಯೋ, ಕೂತ್ರೆ ಏಳೋಕೆ ನೀನೇ ಎತ್ತಬೇಕು," ಎನ್ನುತ್ತಲೇ ಕುಳಿತರು. ನಾನು ಅವರ ಹಲಗೆಯ ಪಕ್ಕ ನಿಂತೆ.

"ನನ್ನ ಮುಖ ಕಾಣ್ತಿದೆಯಾ?"

ಅವರು ಕಣ್ಣು ಕಿರಿದು ಮಾಡಿದರು. ಕೈ ಅಡ್ಡ ಹಿಡಿದರು. ಆಮೇಲೆ ಮೆಲ್ಲಗೆ, "ಇಲ್ಲಮ್ಮ. ನೀನೊಂದು ಕಪ್ಪು ಬೊಂಬೆ. ಗಾಳಿ ಬರುತ್ತೆ ಅಂತ ಅಲ್ಲಿ ನಿಂತಿದ್ದೆ. ಇಷ್ಟು ದಿನ ಈ ಮಗು ನನ್ನ ಏನಂತ ನೋಡಿತೋ," ಎಂದರು. ಎದ್ದವರು ಸೀದಾ ಹೋಗಿ ಬಿಳಿಹಲಗೆಯನ್ನು ಗಡಗಡ ಉರುಳಿಸುತ್ತಾ ಬಾಗಿಲಾಚೆ ತಳ್ಳಿಕೊಂಡು ಹೋದರು.

ಆ ಹೊತ್ತಿಗೆ ಆನ್‌ಚಿ ನೀರಿನ ಬಾಟಲಿಗೆಂದು ಒಳಗೆ ಬಂದಳು. ನನ್ನನ್ನು ಗುರುತಿಸಿ ತನ್ನ ಕುರ್ಚಿಯಲ್ಲಿ ಕುಳಿತಳು. ನಾನು ಹೊಸ ಕನ್ನಡಿಯನ್ನು ಅವಳ ಡೆಸ್ಕಿನ ಮೇಲಿಟ್ಟು ಅವಳ ಪಕ್ಕ ಮಂಡಿಯೂರಿದೆ.

ತಿರುಗಿಸಿ ನೋಡಿದಳು. ಸಮತಟ್ಟಾದ ತನ್ನ ದನಿಯಲ್ಲಿ, "ಇದು ನಂದಲ್ಲ," ಎಂದಳು.

"ಹೊಸದು. ನಿನಗೆ."

"ನಂದು ಮೂಲೆ ಒಡೆದಿದೆ. ಸುಂಗ್ ಸರ್ ಹತ್ರ ಇದೆ."

ನನ್ನ ಚೀಲದೊಳಗೆ ಬೆರಳು ಆ ಒಡೆದ ಮೂಲೆಯ ಮೇಲೇ ಇತ್ತು.

"ನೀನು ಅದನ್ನ ಏನ್ ಮಾಡ್ತಿದ್ದೆ, ಆನ್‌ಚಿ?"

"ಟೀಚರ್‌ಗಳು ಕಿಟಕಿ ಹತ್ರ ನಿಲ್ತಾರೆ. ಮುಖ ಕಪ್ಪಾಗುತ್ತೆ. ಬಿಸಿಲು ನನ್ನ ಡೆಸ್ಕಿಗೆ ಬರುತ್ತೆ. ಕನ್ನಡೀಲಿ ಹಿಡಿದು ಅವರ ಬಾಯಿ ಮೇಲೆ ಹಾಕ್ತಿದ್ದೆ. ಕೆಲವರು ಬೈತಿದ್ರು. ಸರ್ ಬೈಲಿಲ್ಲ. ಯಾಕೆ ಅಂತ ಕೇಳಿದ್ರು. ಆಮೇಲೆ ನೀವು ಬಂದ್ರಿ, ಹಲಗೆ ಆ ಕಡೆ ಹೋಯ್ತು."

ಹಾಗಾದರೆ ಆ ಕೋಣೆಯ ಮೊದಲ ನಕಾಶೆ ನನ್ನದಾಗಿರಲಿಲ್ಲ.

"ಸರ್‌ಗೆ ಯಾಕೆ ಕೊಟ್ಟೆ?"

"ಅವರೇ ಕೇಳಿದ್ರು. ಈಗ ನಿನಗೆ ಬೇಡವಲ್ಲ, ಎರವಲು ಕೊಡು ಅಂದ್ರು. ಅವರ ಮನೇಲಿ ಒಬ್ಬಳು ವಿದ್ಯಾರ್ಥಿನಿ ಇದ್ದಾಳಂತೆ. ಕಿವಿ ಚೆನ್ನಾಗಿ ಕೇಳುತ್ತಂತೆ. ಮಾತೂ ಬರುತ್ತಂತೆ. ಆದ್ರೆ ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳಲ್ವಂತೆ." ಆನ್‌ಚಿ ಬಾಟಲಿಯ ಮುಚ್ಚಳ ತಿರುಗಿಸಿದಳು. "ಬೆಳಕು ಹಾಕಿದ್ರೆ ಹೇಳ್ತಾಳೇನೋ ನೋಡ್ತೀನಿ ಅಂದ್ರು. ನಾನು ಆಗಾಗ ಕೇಳ್ತಿದ್ದೆ, ಹೇಳಿದ್ಲಾ ಅಂತ. ಇನ್ನೂ ಇಲ್ಲ, ಕಷ್ಟದ ಹುಡುಗಿ, ಆದ್ರೆ ಜಾಣೆ ಅಂತಿದ್ರು."

ಹೊರಗೆ ಯಾರೋ ಚೆಂಡು ಒದ್ದರು. ಮೊಗಸಾಲೆಯಲ್ಲಿ ಬಿಳಿಹಲಗೆಯ ಚಕ್ರಗಳ ಸದ್ದು ದೂರವಾಯಿತು.

ನಾನು ಹಳೆಯ ಕನ್ನಡಿಯನ್ನು ಕಾಲುಚೀಲದಿಂದ ತೆಗೆದು ಅವಳ ಅಂಗೈಯಲ್ಲಿಟ್ಟೆ. ಬೆರಳುಗಳನ್ನು ಬಿಡಿಸಿಕೊಳ್ಳಲು ತುಸು ಹೊತ್ತು ಹಿಡಿಯಿತು.

"ಸರ್ ವಾಪಸ್ ಕೊಟ್ಟಿದ್ದಾರೆ," ಎಂದು ಹೇಳಿ ಎದ್ದು ಹಿಂದೆ ಸರಿದು ನಿಂತೆ.

ಅವಳು ಹೊಸದನ್ನು ನನ್ನ ಕಡೆ ತಳ್ಳಿದಳು. "ಇದು ನಿಮ್ಮ ಹತ್ರ ಇರ್ಲಿ. ನಂಗೆ ನಂದು ಸಾಕು. ಸಂಗೀತದ ಟೀಚರ್ ಇನ್ನೂ ಕಿಟಕಿ ಹತ್ರಾನೇ ನಿಲ್ತಾರೆ." ಆಮೇಲೆ ತಲೆಯೆತ್ತಿದಳು. "ಆ ಹುಡುಗಿ ನೀವಾ?"

ನಾನು ಏನೋ ಅಂದೆ. ಏನೆಂದು ನನಗೇ ಗೊತ್ತಾಗಲಿಲ್ಲ.

"ಕಾಣ್ತಿಲ್ಲ," ಎಂದಳು ಆನ್‌ಚಿ.

ನಾನು ಕಿಟಕಿಗೆ ಬೆನ್ನು ಹಾಕಿ ನಿಂತಿದ್ದೆ.

ಸರಿಯಲು ಹೊರಟೆ. ಅವಳು ಬೇಡವೆಂದು ಕೈಯಾಡಿಸಿ, ಕನ್ನಡಿಯನ್ನು ಬಿಸಿಲಿಗೆ ಓರೆ ಮಾಡಿದಳು. ಬೆಳಕಿನ ತುಂಡು ಮೊದಲು ಗೋಡೆಯ ಮೇಲೆ ಬಂತು. ಅಲ್ಲಿಂದ ನನ್ನ ಭುಜಕ್ಕೆ, ಗಲ್ಲಕ್ಕೆ, ರೆಪ್ಪೆಗಳ ಮೇಲೆ. ಬೆಚ್ಚಗಿತ್ತು.

"ಈಗ ಹೇಳಿ."

"ಅವನಂದ್ರೆ ನಂಗೆ ಇಷ್ಟ," ಎಂದೆ.

"ತುಟಿ ಸರಿಯಾಗಿ ಆಡಿಸಿ. ಇನ್ನೊಂದ್ಸಲ."

ಕಣ್ಣು ತುಂಬಿ ಬೆಳಕು ಒಡೆದು ಹೋಯಿತು. ನಾನು ಮುಖವನ್ನು ಆಚೆ ತಿರುಗಿಸಲಿಲ್ಲ. ತುಟಿಗಳನ್ನು ಸರಿಯಾಗಿ ಆಡಿಸಿ, ನಿಧಾನವಾಗಿ, ಮತ್ತೊಮ್ಮೆ ಹೇಳಿದೆ.