ಗಾಲಿ ಇದ್ದ ಮನಿ

ಲಕ್ಕುಂಡಿಯ ರಘೂತ್ತಮ ಮಾಸ್ತರ ಹತ್ರ ನಾನು ಹಳೇ ಕ್ಯಾಂಪರ್ ಗಾಡಿ ಕೊಂಡೆ. ಜೀಪಿಗೆ ಕಟ್ಟಿದ್ರ ಕಚ್ಚಾ ದಾರ್ಯಾಗೂ ಬರತೈತಿ, ಚಾವಣಿ ಮ್ಯಾಲೆತ್ತಿದ್ರ ಒಳಗ ಗ್ಯಾಸಿನ ಒಲಿ, ಹಾಸಿಗಿ.

"ನಮ್ಮಾಕಿ ಜನ್ಮಾನೆಲ್ಲಾ ಬಾಡಿಗಿ ಮನ್ಯಾಗ ಕಳದ್ಲು. ಇದು ಸ್ವಂತ ಮನಿ, ಹಾಲು ಉಕ್ಕಸ್ತೀನಿ ಅಂದ್ಲು. ಇದು ಬರೇ ಗಾಡಿ, ಗಾಲಿಗೆ ಲಿಂಬಿಹಣ್ಣು ಇಟ್ರ ಸಾಕು ಅಂತ ನಕ್ಕೆ. ಆಕಿ ಹೋಗಿ ವರ್ಷ ಆತು," ಅಂದ್ರು ಮಾಸ್ತರು.

ಮರುದಿನ ಮಧ್ಯಾಹ್ನ ಹಮ್ಮಿಗಿ ಹೊಳಿ ದಂಡಿಗೆ ನಾನೊಬ್ಬನೇ ಗಾಡಿ ಚಾವಣಿ ಎತ್ತಿದೆ. ಉಕ್ಕಿದ ಹಾಲಿನ ವಾಸನಿ ಬಂತು. ಒಲಿ ಮುಟ್ಟಿದ್ರ ಬೆರಳು ಸುಟ್ಟಿತು. ಸಿಲಿಂಡರ್ ಬೆಟಗೇರಿಯ ನಮ್ಮನ್ಯಾಗ ಇತ್ತು.

ಮಾಸ್ತರಿಗೆ ಫೋನ್ ಹಚ್ಚಿ ಹೇಳಿದೆ.

"ಯಾವ ದಿಕ್ಕಿಗೆ ಉಕ್ಕೇದರಿ?"

"ಮೂಡಲಕ್ಕ ನೊರಿ ಐತ್ರಿ."

"ನಾ ಬರೋತನಕಾ ಚಾವಣಿ ಇಳಸಬ್ಯಾಡ್ರಿ," ಅಂದ್ರು.