ಹನ್ನೊಂದು ಗಂಟೆಯ ದಾರಿ

"ನನ್ನನ್ನ ಮದುವೆ ಆಗ್ತೀಯಾ?"

ಅವನು ಹೀಗೆ ಕೇಳಿದಾಗ ಅವಳು ವಿಮಾನದ ಮೂವತ್ತೆರಡನೇ ಸಾಲಿನಲ್ಲಿ ಮಂಡಿಯೂರಿ, ಯಾವನೋ ಪುಣ್ಯಾತ್ಮ ಸೀಟಿನ ಜೇಬಿನೊಳಗೇ ಮಾಡಿಹೋದ ವಾಂತಿ ಬಳಿದು ತೆಗೆಯುತ್ತಿದ್ದಳು.

"ಥೂ! ಇದನ್ನ ಕೇಳೋಕೆ ಬೇರೆ ಜಾಗ ಸಿಗ್ಲಿಲ್ವಾ?"

ಹುಳಿ ನಾತ ಸಾಲಿಡೀ ಹಬ್ಬಿತ್ತು. ಅವನೋ, ಗರಿಗರಿ ಸಮವಸ್ತ್ರದ ಗಗನಸಖ! ಇದೇ ವಿಮಾನದಲ್ಲಿ ಈಗ ಹೊರಡುವವನು. ಪ್ರತಿ ಸಲವೂ ಅವಳು ತೊಳೆದು ಮುಗಿಸುವ ಹೊತ್ತಿಗೆ ಅವನು ಹತ್ತುತ್ತಿದ್ದ. ಹಾಗೆ ಸಿಗುತ್ತಿದ್ದ ಹತ್ತು ನಿಮಿಷಗಳಲ್ಲೇ ಒಂದು ವರ್ಷದ ಸ್ನೇಹ ಬೆಳೆದಿತ್ತು.

"ಸಂಜೆ ಗಂಡಿನ ಕಡೆಯವರು ಬರ್ತಿದ್ದಾರೆ..." ಅವಳ ದನಿ ಸಣ್ಣಗಾಯಿತು.

"ಇಳಿದ ತಕ್ಷಣ ಫೋನ್ ಮಾಡ್ತೀನಿ. ಅಲ್ಲೀವರೆಗೂ ಯಾರಿಗೂ ಹೂಂ ಅನ್ಬೇಡ."

ಬೆಳಿಗ್ಗೆ ಏಳಕ್ಕೆ ವಿಮಾನ ಹೊರಟಿತು. ಒಂಬತ್ತು ಸಾವಿರದ ಎಂಟುನೂರು ಕಿಲೋಮೀಟರ್, ಹನ್ನೊಂದು ಗಂಟೆ. ಅವನು ಹೋಗುವ ಊರಿಂದ ಬಂದ ವಿಮಾನಗಳನ್ನು ಮೂರು ವರ್ಷದಿಂದ ತೊಳೆಯುತ್ತಿದ್ದವಳಿಗೆ ಈ ಲೆಕ್ಕ ಬಾಯಿಪಾಠ. ಇಲ್ಲಿನ ಸಂಜೆ ಆರಕ್ಕೆ ಅವನು ಇಳಿಯಬೇಕು.

ಐದಕ್ಕೆ ಗಂಡಿನ ತಾಯಿ ಬಂದರು. ಅವಳು ಕೊಟ್ಟ ನೀರಿನ ಲೋಟವನ್ನು ಮೂಸಿ, ಕುಡಿಯದೆ ಕೆಳಗಿಟ್ಟರು.

"ಮದುವೆ ಆದ್ಮೇಲೆ ಆ ಕೊಳಕು ಕೆಲಸ ಬಿಡ್ತಾಳೆ ತಾನೇ? ಯಾರ್ಯಾರದೋ ಎಂಜಲು, ವಾಂತಿ... ಅಯ್ಯಪ್ಪಾ!"

"ಬಿಡ್ತಾಳೆ, ಬಿಡ್ತಾಳೆ," ಎಂದು ಅವಳನ್ನು ಸಾಕಿದ ಚಿಕ್ಕಮ್ಮ ಹಲ್ಲು ಕಿರಿದಳು.

ಮೂರು ಸಲ ಸೋಪು ಹಚ್ಚಿ ತೊಳೆದ ಕೈಯನ್ನು ಅವಳು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಬಚ್ಚಿಟ್ಟ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

ಆರು ಗಂಟೆ... ಫೋನ್ ಇಲ್ಲ. ಆರೂವರೆ... ಏಳು!

'ಇಳಿದು ಒಂದು ಗಂಟೆ ಆಯ್ತು. ಆ ನಾತ ನೆನಪಾಗಿರ್ಬೇಕು ದೊರೆಗೆ. ಥೂ, ಇವನೂ ಅಷ್ಟೇ!' ಅವಳು ಫೋನನ್ನು ಬೋರಲು ಹಾಕಿದಳು.

"ಏನಮ್ಮಾ, ಒಪ್ಪಿಗೆನಾ?" ಗಂಡಿನ ತಾಯಿ ಕೇಳಿದರು.

"ಹೂಂ," ಎಂದುಬಿಟ್ಟಳು.

ಅವರು ಹೊರಡಲು ಎದ್ದಾಗ ಏಳೂವರೆ. ಆಗ ಫೋನ್ ಬಡಿದುಕೊಂಡಿತು!

"ಈಗ ತಾನೇ ಇಳಿದ್ವಿ. ಇನ್ನೂ ಬಾಗಿಲೂ ತೆಗೆದಿಲ್ಲ..."

"ಸುಳ್ಳುಗಾರ! ಹನ್ನೊಂದು ಗಂಟೆ ದಾರಿಗೆ ಹನ್ನೆರಡೂವರೆ ಗಂಟೆ ಬೇಕಾ?"

"ಹನ್ನೊಂದು ಗಂಟೆ ಇಲ್ಲಿಂದ ನಮ್ಮೂರಿಗೆ ಬರೋವಾಗ ಕಣೇ. ಆಗ ಗಾಳಿ ಹಿಂದಿನಿಂದ ತಳ್ಳತ್ತೆ. ಅಲ್ಲಿಂದ ಇಲ್ಲಿಗೆ ಬರೋವಾಗ ಎದುರುಗಾಳಿ. ಯಾವಾಗ್ಲೂ ಹನ್ನೆರಡೂವರೆನೇ!"

ಅವಳು ಹಣೆ ಚಚ್ಚಿಕೊಂಡಳು. ಮೂರು ವರ್ಷ ಬಂದ ವಿಮಾನಗಳನ್ನಷ್ಟೇ ನೋಡಿದ್ದಳು. ಹೋದದ್ದು ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ!

"ನಾನು... ಹೂಂ ಅಂದುಬಿಟ್ಟೆ ಕಣೋ."

ಗಂಡಿನ ತಾಯಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಫೋನ್ ಕಿವಿಯಲ್ಲಿಟ್ಟುಕೊಂಡೇ ಅವಳು ಬಾಗಿಲಿಗೆ ಓಡಿದಳು.

"ಅಮ್ಮಾ, ಕ್ಷಮಿಸಿ. ಸಿಟ್ಟಲ್ಲಿ ಹೂಂ ಅಂದೆ. ನಾನು ಕೆಲಸ ಬಿಡಲ್ಲ, ನಿಮ್ಮ ಮನೆಗೂ ಬರಲ್ಲ."

"ಬುದ್ಧಿ ನೆಟ್ಟಗಿದೆಯೇನೇ?" ಚಿಕ್ಕಮ್ಮ ಕಿರುಚಿದಳು.

"ಈಗ ನೆಟ್ಟಗಾಯ್ತು, ಚಿಕ್ಕಮ್ಮ."

ಅತ್ತಲಿಂದ ಅವನ ದನಿ ಬಂತು. "ಅದೆಲ್ಲ ಕೇಳಿಸ್ತು. ನನಗೇನು ಉತ್ತರ?"

"ನನ್ನ ಕೈ ನಾತ ಹೊಡೆಯತ್ತೆ ಕಣೋ. ಎಷ್ಟು ತೊಳೆದ್ರೂ ಹೋಗಲ್ಲ."

"ಗೊತ್ತು. ಆ ಕೈಯನ್ನೇ ಕೇಳಿದ್ದು."

ಅವಳಿಗೆ ಅಳು ಉಕ್ಕಿ ಬಂತು. "ತಗೋ ಹಾಗಾದ್ರೆ... ನಿಂದೇ."